ಸಹಾಯ ಬೇಕು: ರ‍್ಯಾಪ್ ಪದ್ಯಗಳನ್ನು ಪುಟದ ಮೇಲೆ ಅಚ್ಚು ಹಾಕುವ ಕ್ರಮ

ಬಳಗದ ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಕೆಲವು ಯುವಕ ಯುವತಿಯರು ಕನ್ನಡ ಮತ್ತು ತುಳುವಿನಲ್ಲಿ ಕಟ್ಟಿ ವೇದಿಕೆಯಲ್ಲಿ ಹಾಡುತ್ತಿರುವ ರ‍್ಯಾಪ್ ಪದ್ಯಗಳನ್ನು ಕಿರುಪುಸ್ತಕವಾಗಿ ಸಂಪಾದಿಸುವ ಕೆಲಸ ನನ್ನ ಪಾಲಿಗೆ ಬಂದಿದ್ದು, ಅದರ ಬಗ್ಗೆ ಬಲ್ಲವರ ಸಲಹೆ ಬೇಕಾಗಿದೆ.

ಮುಖ್ಯ ತೊಡಕು ಸಾಲು ಒಡೆಯುವುದರಲ್ಲಿದೆ. ರ‍್ಯಾಪ್‌ನಲ್ಲಿ ಒಂದು ಸಾಲೆಂದರೆ ಸಾಮಾನ್ಯವಾಗಿ ನಾಲ್ಕು ಪೆಟ್ಟಿನ (ಬೀಟ್) ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು. ಪ್ರಾಸ ಹೆಚ್ಚಾಗಿ ನಾಲ್ಕನೆಯ ಪೆಟ್ಟಿನ ಆಸುಪಾಸಿನಲ್ಲಿ ಬೀಳುತ್ತದೆ, ಆದರೆ ವಾಕ್ಯ ಅಲ್ಲಿಗೇ ಮುಗಿಯಬೇಕೆಂದಿಲ್ಲ. ಆವರ್ತಕ್ಕೆ ಸರಿಯಾಗಿ ಮುರಿದರೆ ಓದುವವರಿಗೆ ಅರ್ಥ ತುಂಡಾಗುತ್ತದೆ, ಅರ್ಥಕ್ಕೆ ಸರಿಯಾಗಿ ಮುರಿದರೆ ಪ್ರಾಸಗಳು ಸಾಲಿನ ನಡುವೆ ಹುದುಗಿ ಪದ್ಯ ಬರಿಯ ಗದ್ಯದಂತೆ ಕಾಣುತ್ತದೆ. ವೇದಿಕೆಯಲ್ಲಿ ಉಸಿರು, ಬೇಕೆಂದೇ ತಡೆದ ಮೌನ, ಸಭೆಯ ಮರುದನಿ ಇವು ಮಾಡುವ ಕೆಲಸಕ್ಕೆ ಕಾಗದದಲ್ಲಿ ತಕ್ಕ ಗುರುತು ಸಿಕ್ಕಿಲ್ಲ.

ಯೇಲ್ ವಿಶ್ವವಿದ್ಯಾಲಯದ ಪ್ರಕಾಶನ 2010ರಲ್ಲಿ ಹೊರತಂದ ಇಂಗ್ಲಿಷ್ ರ‍್ಯಾಪ್ ಸಂಕಲನವೇ ಪಾಠದ, ಅಂದರೆ ಹಾಡಿದ ಮಾತನ್ನು ಬರಹಕ್ಕೆ ಇಳಿಸಿದ್ದರ, ತಪ್ಪುಗಳಿಗಾಗಿ ಟೀಕೆಗೆ ಒಳಗಾಗಿತ್ತು. ಆದ್ದರಿಂದ ಪಾಠವನ್ನು ಕವಿಗಳಿಂದಲೇ ಬರೆಸಿಕೊಳ್ಳುತ್ತಿದ್ದೇನೆ.

ಯಕ್ಷಗಾನದ ಪ್ರಸಂಗ (ಆಟದ ಕಥೆಯ ಹಾಡುಗಳ) ಪುಸ್ತಕಗಳಲ್ಲಿ ಹಾಡಿನ ಮೇಲೆ ರಾಗ, ತಾಳಗಳ ಹೆಸರನ್ನಷ್ಟೇ ಕೊಟ್ಟು ಅರ್ಥಗಾರಿಕೆಯನ್ನು, ಅಂದರೆ ಪಾತ್ರಧಾರಿಗಳು ಆಡುವ ಮಾತನ್ನು, ರಂಗಕ್ಕೇ ಬಿಟ್ಟಿರುತ್ತಾರೆ (ಜಾಣ ಕ್ರಮವೆಂದೇ ನನ್ನ ಎಣಿಕೆ). ಅದೇ ರೀತಿ ನಿಮಿಷಕ್ಕೆ ಎಷ್ಟು ಪೆಟ್ಟು ಎಂಬುದನ್ನು ಮಾತ್ರ ಮೇಲೆ ಅಚ್ಚು ಮಾಡಿದರೆ ಸಾಕೇ? ತುಳು ಪದಗಳ ಕೊನೆಯ ಅರ್ಧ ಉಕಾರವನ್ನು (ತುಟಿ ದುಂಡಾಗಿಸದೆ ಉಚ್ಚರಿಸುವ ಉಕಾರ), ಅದು ಲಯದ ಲೆಕ್ಕಕ್ಕೆ ಬರುವಲ್ಲಿ, ಕನ್ನಡ ಲಿಪಿಯಲ್ಲಿ ಹೇಗೆ ತೋರಿಸುವುದು ಸೂಕ್ತ?

ಪ್ರಸಂಗಗಳ ಕರಡು ತಿದ್ದಿದವರು ಅಥವಾ ಸ್ವತಃ ರ‍್ಯಾಪ್ ಹಾಡುವವರು ದಯವಿಟ್ಟು ಇಲ್ಲಿ ಉತ್ತರಿಸಿ. ಉಡುಪಿಯ ಕಡೆಯವರಾದರೆ ಮಾದರಿ ಪುಟಗಳನ್ನು ನಾನೇ ತಂದು ತೋರಿಸುತ್ತೇನೆ.