10 ನಿಮಿಷದ ಪಿಲಿಗೆ ಬೆಲೆ ಎಷ್ಟು?

ಕದ್ರಿ ಗುಡ್ಡೆ: ನಮ್ಮ ಸಂಘದ ಪಿಲಿವೇಷದ (ತುಳುವಿನಲ್ಲಿ ಪಿಲಿ ಎಂದರೆ ಹುಲಿ) ಬ್ಯಾನರನ್ನು ಮೊನ್ನೆ ಗ್ರೂಪಿಗೆ ಹಾಕಿದ್ದೆ. "ಬೆಂಕಿ", "ಯಾರು ಮಾರಾಯ್ರೆ ಬಿಡಿಸಿದ್ದು?" ಎಂದೆಲ್ಲ ಬಂತು. ಎಐ ಮಾಡಿದ್ದು, 10 ನಿಮಿಷ ಹಿಡಿಯಿತು ಎಂದೆ. ಅರ್ಧ ಗಂಟೆಯಲ್ಲಿ ಅದೇ ಚಿತ್ರಕ್ಕೆ "ಜೀವವೇ ಇಲ್ಲ" ಎಂದರು. ಒಂದು ಗೆರೆಯೂ ಬದಲಾಗಿಲ್ಲ. ಹಾಗಾದ್ರೆ ಮೊದಲು ಇವರೆಲ್ಲ ನೋಡಿದ್ದು ಏನನ್ನು?

ಮಲ್ಪೆ ಬಂದರು: ಸರಿಯಾದ ಪ್ರಶ್ನೆ. 2022ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಮೇಳದಲ್ಲಿ ಮಿಡ್‌ಜರ್ನಿಯಿಂದ ಮಾಡಿದ ಚಿತ್ರಕ್ಕೆ ಡಿಜಿಟಲ್ ವಿಭಾಗದ ಮೊದಲ ಬಹುಮಾನ ಬಂತು, 300 ಡಾಲರ್. ದೊಡ್ಡ ಗಲಾಟೆ. ಮಿಡ್‌ಜರ್ನಿ ಎಂದರೆ ಎಐ ಅಂತ ತೀರ್ಪುಗಾರರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೂ ಅದಕ್ಕೇ ಕೊಡುತ್ತಿದ್ದೆವು ಎಂದರು. ನನಗೆ ಒಪ್ಪಿಗೆ.

ಬಾವುಟಗುಡ್ಡದವಳು: ನನಗಿಲ್ಲ. ನೆಂಟರನ್ನು ಮಂಗಳೂರಿನ ಅಲೋಶಿಯಸ್ ಚಾಪೆಲಿಗೆ ಕರ್ಕೊಂಡು ಹೋಗ್ತೇನೆ. ಅಲ್ಲಿನ ಗೋಡೆ, ಮಾಡಿನ ಚಿತ್ರಗಳನ್ನು ಇಟಲಿಯಿಂದ ಬಂದ ಮೊಸ್ಕೆನಿ 1899ರಲ್ಲಿ ಶುರು ಮಾಡಿ ಸುಮಾರು ಎರಡು ವರ್ಷ ಬಿಡಿಸಿದರು ಎಂದು ಹೇಳಿದ ಮೇಲೆ ಅವರು ಇನ್ನೊಮ್ಮೆ ಕತ್ತೆತ್ತಿ ನೋಡುತ್ತಾರೆ. ಅದು ಮೋಸವಾ?

ಮಲ್ಪೆ ಬಂದರು: ಎರಡು ವರ್ಷ ಕೂತು ಕೆಟ್ಟ ಚಿತ್ರ ಬಿಡಿಸಿದವನಿಗೂ ಜಾಸ್ತಿ ಬೆಲೆಯಾ? ದುಡ್ಡಿನ ಲೆಕ್ಕವನ್ನೂ ನಂಬಬೇಡಿ. 2018ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಒಂದು ಎಐ ಚಿತ್ರ 4,32,500 ಡಾಲರಿಗೆ ಹೋಯಿತು. ಅಂದಾಜು ಇದ್ದದ್ದು ಹೆಚ್ಚೆಂದರೆ 10,000. ನೋಡಿದ್ದೀರಾ ಅದನ್ನು? ಒರೆಸಿಟ್ಟ ಹಾಗಿರುವ ಒಂದು ಮುಖ. ಹೊಸತು ಎಂದು ಕೊಟ್ಟದ್ದು, ಚಂದ ಎಂದಲ್ಲ.

ಪ್ರಿಂಟ್ ಅಂಗಡಿ: ಯಾರೇ ಬಿಡಿಸಲಿ, ನನ್ನಲ್ಲಿ ಚದರಡಿಗೆ ರೇಟು ಒಂದೇ 😀

ಬಣ್ಣದ ಕೈ: ನಾನು ಪಿಲಿಗಳಿಗೆ ಬಣ್ಣ ಹಾಕುವವನು. ಎರಡು ವರ್ಷ, 10 ನಿಮಿಷ ಎಲ್ಲ ಬದಿಗಿಡಿ. ಬ್ಯಾನರನ್ನು ದೊಡ್ಡದು ಮಾಡಿ ನೋಡಿದೆ. ಪಿಲಿ ಹಲ್ಲಿನಲ್ಲಿ ಎತ್ತುವ ಅಕ್ಕಿಮುಡಿ, ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ, ಸಿಮೆಂಟ್ ಗೋಣಿಯ ಹಾಗಿದೆ. ಬೈಹುಲ್ಲಿಲ್ಲ, ಹಗ್ಗದ ಸುತ್ತಿಲ್ಲ. ಅವನು ಕಚ್ಚುವುದು ಎಲ್ಲಿಗೆ? ತಾಸೆ ವಾದ್ಯ ಬಡಿಯುವವನ ಕೈಯಲ್ಲಿ ಒಂದೇ ಕೋಲು, ಎರಡಿರಬೇಕು. ಪಿಲಿಯ ಮೈ ಅಂತೂ ಕಾಡಿನ ಹುಲಿಯದ್ದೇ. ನಮ್ಮದು ಮನುಷ್ಯನ ಹೊಟ್ಟೆ ಮೇಲೆ ಎಳೆದ ಪಟ್ಟೆ ಮಾರಾಯ್ರೆ. ಬಣ್ಣ ಒಣಗುವ ತನಕ ಹುಡುಗ ಕೈ ಚಾಚಿ ಕೋಲು ಹಿಡಿದು ನಿಂತೇ ಇರಬೇಕು. ಉಸಿರು ಎಳೆದರೆ ಪಟ್ಟೆಯೂ ಅಗಲವಾಗುತ್ತದೆ. ಬ್ಯಾನರಿನ ಪಿಲಿಗೆ ಹೊಟ್ಟೆಯೇ ಇಲ್ಲ.

ಮಲ್ಪೆ ಬಂದರು: ಇದಕ್ಕೆ ನನ್ನ ತಕರಾರಿಲ್ಲ. ಚಿತ್ರವನ್ನೇ ನೋಡಿ ಮಾತಾಡಿದ್ದು ನೀವೊಬ್ಬರೇ.

ಬಾವುಟಗುಡ್ಡದವಳು: "ಬೆಂಕಿ" ಎಂದವರಲ್ಲಿ ನಾನೂ ಒಬ್ಬಳು. ಮುಡಿ ಕಣ್ಣಿಗೇ ಬಿದ್ದಿರಲಿಲ್ಲ. ಅಜ್ಜಿಮನೆಯ ಅಟ್ಟದಲ್ಲಿ ಮುಡಿ ನೋಡಿಯೇ ಬೆಳೆದವಳು ನಾನು!

ಕದ್ರಿ ಗುಡ್ಡೆ: ಅಣ್ಣ, ಮುಡಿ ಮಾತ್ರ ತಿದ್ದಿ ಕೊಟ್ಟರೆ ಎಷ್ಟು ತಗೊಳ್ತೀರಿ?

ಬಣ್ಣದ ಕೈ: ಮುಡಿ ಮಾತ್ರ ಆದ್ರೆ ಬೇಡ. ಇಡೀ ಪಿಲಿ ಬಿಡಿಸುವುದಾದರೆ ಹೇಳಿ.