ಸಹಾಯ ಬೇಕು: ಹಣ್ಣಿನ ನೊಣದ ಕ್ರೋಮೋಸೋಮ್ ಎಣಿಕೆ (ಪುಣೆ)

ಪುಣೆಯಲ್ಲಿ ಸೈಟೊಜೆನೆಟಿಕ್ಸ್ (ಕ್ರೋಮೋಸೋಮ್‌ಗಳ ಅಧ್ಯಯನ) ಬಲ್ಲ ಕನ್ನಡಿಗರಿದ್ದರೆ ದಯವಿಟ್ಟು ನೋಡಿ. ಹಣ್ಣಿನ ನೊಣದ ಎರಡು ಹತ್ತಿರದ ಪ್ರಭೇದಗಳಲ್ಲಿ, ಡ್ರೊಸೊಫಿಲ ನಸೂಟದಲ್ಲಿ 8 ಕ್ರೋಮೋಸೋಮ್, ಡ್ರೊಸೊಫಿಲ ಆಲ್ಬೊಮಿಕಾನ್ಸ್‌ನಲ್ಲಿ 6. ಈ ಎರಡನೆಯದರಲ್ಲಿ 3ನೆಯ ಕ್ರೋಮೋಸೋಮ್ ಲಿಂಗ ಕ್ರೋಮೋಸೋಮ್‌ಗಳಾದ ಎಕ್ಸ್, ವೈ ಎರಡಕ್ಕೂ ಬೆಸೆದುಕೊಂಡಿದೆ. ಆದರೂ ಇವುಗಳ ಮಿಶ್ರತಳಿಗೂ ಸಂತಾನವಾಗುತ್ತದೆ, ನಿಜಕ್ಕೂ ಅದ್ಭುತ ಜೋಡಿ! ಮೊದಲ ಪೀಳಿಗೆಯಲ್ಲಿ 7 ಸಿಗಬೇಕು. ನಮ್ಮ ಸ್ಲೈಡ್‌ನಲ್ಲಿ ಎಲ್ಲ ಮುದ್ದೆಗಟ್ಟಿ, 6 ಯಾವುದು 7 ಯಾವುದು ತಿಳಿಯುತ್ತಿಲ್ಲ.

ಬಾಟಲಿಯ ಗೋಡೆ ಹತ್ತುತ್ತಿರುವ ದಪ್ಪ ಲಾರ್ವಾಗಳ ಮಿದುಳಿನ ಗ್ಯಾಂಗ್ಲಿಯಾ (ನರಕೋಶಗಳ ಗಂಟು) ಬಿಡಿಸಿ, ಕೋಶ ವಿಭಜನೆ ನಿಲ್ಲಿಸುವ ಕಾಲ್ಚಿಸಿನ್ ಕೊಟ್ಟು, ಕೋಶ ಉಬ್ಬಲೆಂದು 1% ಸೋಡಿಯಂ ಸಿಟ್ರೇಟ್‌ನಲ್ಲಿ 10 ನಿಮಿಷ ಇಟ್ಟು, ಮೆಥನಾಲ್–ಅಸಿಟಿಕ್ ಆಮ್ಲ 3:1ರ ಫಿಕ್ಸರ್‌ನಲ್ಲಿ (ಕೋಶವನ್ನು ಹಾಗೇ ಉಳಿಸುವ ದ್ರಾವಣ) ಹಾಕುತ್ತೇವೆ. ಆಮೇಲೆ ಗೀಮ್ಸಾ ಬಣ್ಣ. ಕಾಲ್ಚಿಸಿನ್ ಹೆಚ್ಚಾದರೆ ಕ್ರೋಮೋಸೋಮ್ ಮೊಂಡಾಗುತ್ತದೆ. ಇಲ್ಲಿ ಹಾಗಿಲ್ಲ, ಉದ್ದ ಸರಿಯಿದೆ, ಹರಡುವುದೇ ಇಲ್ಲ. ಸಿಟ್ರೇಟ್ ಸಮಯ ಕಡಿಮೆಯೋ, ಮಳೆಗಾಲದ ತೇವಕ್ಕೆ ಸ್ಲೈಡ್ ನಿಧಾನ ಒಣಗುತ್ತಿದೆಯೋ? ಫಿಕ್ಸರ್ ಆಯಾ ದಿನವೇ ಬೆರೆಸುತ್ತೇವೆ.

ಇನ್ನೊಂದು: ಮೈಸೂರಿನಿಂದ ಬರುವವರು ಯಾರಾದರೂ ಎರಡು ವಯಲ್ ನೊಣ ತರಬಹುದೇ? ಬಿಸಿಲಿಗೆ ಇಡಬೇಡಿ, 30 ಡಿಗ್ರಿ ದಾಟಿದರೆ ಗಂಡುಗಳು ಬಂಜೆಯಾಗುವ ಅಪಾಯವಿದೆ.