ಒಂದೇ ಸ್ಟಾರ್ ಕೊಟ್ಟವರಿಗೆ ಏನೆಂದು ಉತ್ತರ ಬರೆಯಲಿ?

ಪ್ರಶ್ನೆ: ಸಾಗರದ ಹೋಂಸ್ಟೇ

ಸಾಗರ ತಾಲ್ಲೂಕಿನಲ್ಲಿ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಜೋಗ ನೋಡಲು ಬರುವವರೇ ಹೆಚ್ಚು. ಅಡುಗೆ ನನ್ನದು, ತೋಟ ಮತ್ತು ಲೆಕ್ಕ ಯಜಮಾನರದು. ಕಳೆದ ವಾರ ಉಳಿದು ಹೋದ ಕುಟುಂಬವೊಂದು ಗೂಗಲ್‌ನಲ್ಲಿ ಒಂದೇ ಸ್ಟಾರ್ ಕೊಟ್ಟಿದೆ. ‘ಬಿಸಿನೀರಿಗೆ ಒಂದು ಗಂಟೆ ಕಾಯಬೇಕಾಯಿತು. ಪತ್ರೊಡೆ ತಿಂದು ಮಗುವಿನ ಗಂಟಲು ತುರಿಸಿತು. ತೋಟದಲ್ಲಿ ಉಂಬಳ (ಜಿಗಣೆ) ಕಚ್ಚಿದರೂ ಯಾರೂ ವಿಚಾರಿಸಲಿಲ್ಲ’ ಎಂದು ಬರೆದಿದ್ದಾರೆ.

ಕೊನೆಯ ಮಾತು ಓದಿ ಕಣ್ಣಲ್ಲಿ ನೀರು ಬಂತು. ಆ ಹುಡುಗನ ಕಾಲನ್ನು ನನ್ನ ಮಡಿಲಲ್ಲಿಟ್ಟುಕೊಂಡು, ಉಪ್ಪು ಹಾಕಿ ಉಂಬಳ ಬಿಡಿಸಿದವಳು ನಾನೇ. ಬಿಸಿನೀರು ತಡವಾದದ್ದು ನಿಜ. ಹಿಂದಿನ ರಾತ್ರಿಯೇ ಕರೆಂಟ್ ಹೋಗಿತ್ತು, ಸೌದೆ ಒದ್ದೆ, ಹಂಡೆಯ ಒಲೆ ಹೊಗೆ ಕಾರುತ್ತಿತ್ತೇ ಹೊರತು ಉರಿಯುತ್ತಿರಲಿಲ್ಲ. ಇನ್ನು ಪತ್ರೊಡೆ. ಅಂದು ಮನೆಯಲ್ಲಿ ಹುಣಸೆಹಣ್ಣು ಮುಗಿಯುತ್ತಾ ಬಂದಿತ್ತು, ಇದ್ದಷ್ಟನ್ನೇ ಹಾಕಿ ಹಿಟ್ಟು ರುಬ್ಬಿದೆ. ಹುಳಿ ಸಾಲದಿದ್ದರೆ ಕೆಸುವಿನ ಎಲೆ ಗಂಟಲಲ್ಲಿ ಏನು ಮಾಡುತ್ತದೆ ಎಂದು ನನಗೆ ಗೊತ್ತಿಲ್ಲವೇ? ಇದನ್ನು ಯಜಮಾನರಿಗೂ ಹೇಳಿಲ್ಲ.

ಅವರು ರಾತ್ರಿ ಕುಳಿತು, ‘ಮಳೆಗಾಲದಲ್ಲಿ ಮಲೆನಾಡಿಗೆ ಬಂದು ಉಂಬಳ ಬೇಡ ಎಂದರೆ ಹೇಗೆ’ ಎಂದು ಶುರುಮಾಡಿ ಉದ್ದದ ಉತ್ತರ ಬರೆದಿದ್ದಾರೆ. ಹಾಕಬೇಡಿ ಎಂದು ತಡೆದಿದ್ದೇನೆ. ನೆಂಟರಿಷ್ಟರಿಂದ ಹತ್ತು ಫೈವ್ ಸ್ಟಾರ್ ಹಾಕಿಸಿದರೆ ಇದು ಕೆಳಗೆ ಹೋಗುತ್ತದೆ ಎನ್ನುತ್ತಾನೆ ಅಣ್ಣನ ಮಗ. ನಾನು ಏನು ಮಾಡಲಿ?

ಉತ್ತರ: ಹುಬ್ಬಳ್ಳಿಯ ಖಾನಾವಳಿ

ಅಕ್ಕನವರೇ, ತಡೆದು ಒಳ್ಳೆಯ ಕೆಲಸ ಮಾಡಿದಿರಿ. ನಾನು ತಡೆದುಕೊಳ್ಳಲಿಲ್ಲ. ‘ರೊಟ್ಟಿ ತಣ್ಣಗಿತ್ತು, ಬಡಿಸುವವನು ಮುಖ ಗಂಟಿಕ್ಕಿಕೊಂಡಿದ್ದ’ ಎಂದು ಒಬ್ಬರು ಬರೆದಿದ್ದರು. ‘ನೀವು ಬಂದದ್ದು ಮೂರೂವರೆ ಗಂಟೆಗೆ, ಆ ಹೊತ್ತಿನಲ್ಲಿ ನಿಮಗಾಗಿ ಒಲೆ ಹೊತ್ತಿಸಬೇಕಿತ್ತೇ?’ ಎಂದು ಹಾಕಿಬಿಟ್ಟೆ. ಸತ್ಯವನ್ನೇ ಬರೆದಿದ್ದೆ. ಆದರೆ ತಿಂಗಳುಗಟ್ಟಲೆ ಹೊಸ ಗಿರಾಕಿಗಳು ಒಳಗೆ ಬರುವ ಮುಂಚೆ ಬಾಗಿಲಲ್ಲೇ ನಿಂತು, ‘ಈಗ ಊಟ ಸಿಗುತ್ತದೆಯೇ, ಬೈಯುವುದಿಲ್ಲವಲ್ಲ?’ ಎಂದು ಕೇಳುತ್ತಿದ್ದರು. ಅವರಿಗೆ ತಣ್ಣಗಿನ ರೊಟ್ಟಿಯ ಮಾತು ನೆನಪಿರಲಿಲ್ಲ, ನನ್ನ ಮಾತು ನೆನಪಿತ್ತು.

ಬರೆದ ಗಿರಾಕಿ ಊರಿಗೆ ಹೋಗಿಯಾಯಿತು. ನಿಮ್ಮ ಉತ್ತರವನ್ನು ಓದುವವರು ಮುಂದಿನ ಶನಿವಾರ ಮಕ್ಕಳನ್ನು ಕರೆದುಕೊಂಡು ಬರಬೇಕೆಂದಿರುವವರು. ಆದ್ದರಿಂದ ಉಂಬಳದಿಂದ ಶುರುಮಾಡಬೇಡಿ, ಪತ್ರೊಡೆಯಿಂದ ಶುರುಮಾಡಿ. ಮಗುವಿನ ಗಂಟಲು ಎಲ್ಲಕ್ಕಿಂತ ಮೊದಲು. ಹುಳಿ ಕಡಿಮೆಯಾಗಿತ್ತು ಎಂದು ನೇರವಾಗಿ ಬರೆಯಿರಿ. ‘ನಿಮಗೆ ತೊಂದರೆಯಾಗಿದ್ದರೆ ಕ್ಷಮಿಸಿ’ ಎಂಬ ಮಾತು ಬೇಡವೇ ಬೇಡ. ತೊಂದರೆ ಆಗಿದೆ, ‘ಆಗಿದ್ದರೆ’ ಎಂದು ಏಕೆ ಬರೆಯಬೇಕು? ಉತ್ತರ ಐದಾರು ಸಾಲು ಮೀರದಿರಲಿ.

ಉತ್ತರ: ಮೈಸೂರಿನ ಟ್ರಾವೆಲ್ಸ್

ಅಣ್ಣನ ಮಗನ ಉಪಾಯ ಬೇಡ. ಮನೆಯವರು, ನೆಂಟರು ಹಾಕುವ ಸ್ಟಾರ್‌ಗಳು ಗೂಗಲ್ ನಿಯಮಕ್ಕೆ ವಿರುದ್ಧ. ‘ಮುಂದಿನ ಸಲ ಒಂದು ರಾತ್ರಿ ಉಚಿತ, ರಿವ್ಯೂ ಬದಲಿಸಿ’ ಎನ್ನುವುದೂ ಅಷ್ಟೇ. 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೊ ಹೊರತಂದ ಐಎಸ್ 19000:2022 ಮಾನದಂಡದ ಉದ್ದೇಶವೂ ಆನ್‌ಲೈನ್‌ನ ನಕಲಿ ರಿವ್ಯೂಗಳಿಗೆ ಕಡಿವಾಣ ಹಾಕುವುದೇ. ಬಂದ ರಿವ್ಯೂವನ್ನು ಮಾಲೀಕರು ಅಳಿಸಲು ಆಗುವುದಿಲ್ಲ. ಬೈಗುಳ, ಸ್ಪ್ಯಾಮ್‌ನಂತಹ ನಿಯಮ ಮೀರಿದ ಬರಹವಾದರೆ ವರದಿ ಮಾಡಬಹುದು, ಇದು ಆ ಜಾತಿಯದಲ್ಲ. ಬಿಸಿನೆಸ್ ಪ್ರೊಫೈಲ್‌ನಿಂದ ಉತ್ತರ ಹಾಕಿದರೆ ಬರೆದವರಿಗೆ ಸೂಚನೆ ಹೋಗುತ್ತದೆ. ಮನಸ್ಸಾದರೆ ಅವರೇ ತಿದ್ದುತ್ತಾರೆ.

ಉತ್ತರ: ಎರಡು ಮಕ್ಕಳ ತಾಯಿ

ನಾನು ಹೋದಲ್ಲೆಲ್ಲ ರಿವ್ಯೂ ಬರೆಯುವವಳು, ಹಾಗಾಗಿ ಕೇಳುತ್ತೇನೆ: ತೋಟಕ್ಕೆ ಹೊರಡುವ ಮುಂಚೆ ಉಂಬಳ ಇರುತ್ತದೆ ಎಂದು ಅವರಿಗೆ ಹೇಳಿದ್ದಿರಾ? ಮಗನ ಕಾಲಿನಲ್ಲಿ ರಕ್ತ ನೋಡಿದ ತಾಯಿಗೆ, ಬಿಡಿಸಿದವರು ಯಾರು ಎನ್ನುವುದಕ್ಕಿಂತ ಮೊದಲೇ ಯಾರೂ ಹೇಳಲಿಲ್ಲವಲ್ಲ ಎನ್ನುವುದೇ ಮನಸ್ಸಿನಲ್ಲಿ ಉಳಿದಿರಬಹುದು. ‘ವಿಚಾರಿಸಲಿಲ್ಲ’ ಎಂದದ್ದು ಅದನ್ನೇ ಇರಬೇಕು.

ಸಾಗರದ ಹೋಂಸ್ಟೇ

ಹೇಳಿರಲಿಲ್ಲ. ನಮಗೆ ಉಂಬಳ ಎಂದರೆ ಮಳೆಯಷ್ಟೇ ಸಹಜ, ಹೇಳಬೇಕೆಂದು ಹೊಳೆಯಲೇ ಇಲ್ಲ. ಇಂದಿನಿಂದ ಜಗಲಿಯ ಮೇಲೆ ಉಪ್ಪಿನ ಬಟ್ಟಲು ಮತ್ತು ಮೊಣಕಾಲುದ್ದದ ನಾಲ್ಕು ಜೊತೆ ಕಾಲುಚೀಲ ಇಟ್ಟಿದ್ದೇನೆ.

ಈ ಉತ್ತರ ಹಾಕಿದೆ:

‘ನಮಸ್ಕಾರ. ಅಂದಿನ ಪತ್ರೊಡೆಗೆ ಹುಳಿ ಕಡಿಮೆಯಾಗಿತ್ತು, ತಪ್ಪು ನನ್ನದು. ಮಗುವಿಗೆ ನೋವಾದದ್ದಕ್ಕೆ ಕ್ಷಮೆ ಕೇಳುತ್ತೇನೆ. ಕರೆಂಟ್ ಇಲ್ಲದೆ, ಒದ್ದೆ ಸೌದೆಯಲ್ಲಿ ನೀರು ಕಾಯಲು ತಡವಾಯಿತು. ಈಗ ಒಣ ಸೌದೆಯನ್ನು ಬಚ್ಚಲಮನೆಯ ಅಟ್ಟದಲ್ಲಿ ಬೇರೆ ಇಟ್ಟಿದ್ದೇವೆ. ಮಗನ ಕಾಲಿನ ಉಂಬಳವನ್ನು ನಾನೇ ಬಿಡಿಸಿದ್ದೆ, ಆದರೆ ತೋಟಕ್ಕೆ ಹೋಗುವ ಮುಂಚೆಯೇ ನಿಮಗೆ ಹೇಳಬೇಕಿತ್ತು. ಅವನ ಕಾಲು ವಾಸಿಯಾಯಿತೇ?’

ಯಜಮಾನರು ಎರಡು ಸಲ ಓದಿದರು. ಆಮೇಲೆ, ‘ಹುಳಿ ನಿಜವಾಗಿಯೂ ಕಡಿಮೆಯಾಗಿತ್ತೇ?’ ಎಂದು ಕೇಳಿದರು. ಹೌದು ಎಂದೆ. ಸಂಜೆ ಪೇಟೆಯಿಂದ ಬರುವಾಗ ಎರಡು ಕಿಲೋ ಹುಣಸೆಹಣ್ಣು ತಂದಿದ್ದಾರೆ.